ಅವ್ವನ ಚಮಚ

ನಮ್ಮ ಮನೆಯಲ್ಲಿ ಚಮಚ ಅಂತ ಇದ್ದದ್ದು ಒಂದೇ, ಅದು ಅವ್ವನದು. ಅಪ್ಪ, ಅತ್ಯಾ, ನಾನು ಎಲ್ಲರೂ ಕೈಯಿಂದ ಉಣ್ಣುತ್ತಿದ್ದೆವು. ಅವ್ವ ಮಾತ್ರ ಗೋಡೆಗೆ ಒರಗಿ ಕೂತು, ತಾಟನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಉಣ್ಣುತ್ತಿದ್ದಳು. ಚಮಚದಿಂದ ರೊಟ್ಟಿ ತಿನ್ನುವುದು ಹೇಗೆ ಅಂತ ನೀವು ಕೇಳಬಹುದು. ಅತ್ಯಾ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿಯನ್ನು ಅವ್ವನ ತಾಟಿನಲ್ಲಿ ಸಣ್ಣಗೆ ಮುರಿದು, ಮೇಲೆ ಬೇಳೆಯ ಕಟ್ಟನ್ನೋ ಮಜ್ಜಿಗೆಯನ್ನೋ ಸುರಿದು, ನೆನೆಸಿ ಕೊಡುತ್ತಿದ್ದಳು. ಹಲ್ಲಿಲ್ಲದ ಮುದುಕರಿಗೆ ಕೊಡುವ ಊಟ ಅದು. ಅವ್ವನಿಗೆ ಆಗ ಬಾಯಿ ತುಂಬ ಹಲ್ಲಿದ್ದವು. ಓಣಿಯ ಹೆಂಗಸರು ನಳದ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿ ಕಾಡುತ್ತಿದ್ದರು.

"ಏನ ಬೇ ಸುಮಿ, ನಿಮ್ಮವ್ವ ಮೇಡಂ ಆಗ್ಯಾಳಂತ? ಚಮಚದಲೆ ಉಣ್ತಾಳಂತ?"

ನಾನು ಆಗಲೂ ಸಿಟ್ಟಿನವಳೇ, ಈಗಲೂ ಸಿಟ್ಟಿನವಳೇ. ಕೊಡವನ್ನು ಅಲ್ಲೇ ಇಟ್ಟು ಅವರ ತವರುಮನೆಯ ತನಕ ಎಳೆದು ಬೈದು ಬರುತ್ತಿದ್ದೆ. ಅವರೇನೂ ತಿಳಿಯದೆ ಕೇಳುತ್ತಿರಲಿಲ್ಲ. ಆ ಓಣಿಯಲ್ಲಿ ಅರ್ಧ ಮನೆಗಳ ಹೆಂಗಸರು ಅವ್ವನ ಜೊತೆಗೇ ಕೆಲಸಕ್ಕೆ ಹೋಗುವವರು. ಆದರೆ ಅವರು ಕಹಿಯಾದ ಕೈಯಿಂದಲೇ ಉಣ್ಣುತ್ತಿದ್ದರು, ಅದೇ ಕೈಯಿಂದ ಮಕ್ಕಳಿಗೂ ಉಣಿಸುತ್ತಿದ್ದರು. ನಮ್ಮವ್ವನಿಗೆ ಅದು ಆಗಲಿಲ್ಲ.

ಕಾರಣ ತಂಬಾಕು. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಓಣಿಯ ಹಿಂದೆಯೇ ತಂಬಾಕಿನ ವಖಾರಿ ಇತ್ತು, ತಗಡು ಹೊದಿಸಿದ ದೊಡ್ಡ ಗೋದಾಮು. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಸಾಲಾಗಿ ಕೂತು, ಒಣಗಿದ ತಂಬಾಕನ್ನು ಬಡಿದು, ಜರಡಿ ಹಿಡಿದು, ಕಡ್ಡಿ ಬೇರೆ ಪುಡಿ ಬೇರೆ ಮಾಡುತ್ತಿದ್ದರು. ಆ ಕಹಿ ಬರೀ ಕೈಗೆ ಮೆತ್ತುವಂಥದ್ದಲ್ಲ, ಚರ್ಮದೊಳಗೇ ಇಳಿಯುವಂಥದ್ದು. ಅಂಥ ಕೈ ನಾದಿದ ಹಿಟ್ಟು ಕಹಿ, ಅದ್ದಿದ ನೀರು ಕಹಿ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ವಖಾರಿಯ ಕೈ ಹಿಟ್ಟಿನ ಪರಾತ ಮುಟ್ಟಬಾರದು, ನೀರಿನ ಕೊಡ ಮುಟ್ಟಬಾರದು, ಕೂಸಿನ ತಾಟು ಮುಟ್ಟಬಾರದು. ಬೇರೆ ಯಾರೂ ಹೇರಿದ್ದಲ್ಲ ಅದು, ಅವ್ವ ತನಗೆ ತಾನೇ ಹಾಕಿಕೊಂಡದ್ದು. ಅಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಹುಬ್ಬಿನ ತನಕ ಬೆಳ್ಳಗಾಗಿ, ಅವ್ವ ಉಗುರಿನ ತನಕ ಕಂದಾಗಿ ಮನೆಗೆ ಬರುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಅವ್ವನ ಕೈ ಕಹಿಯಾಗಿ ನಮ್ಮ ಬಾಯಿ ಮೊಸರಾಯಿತು.

ಒಲೆ ಅತ್ಯಾಳದು. ಅತ್ಯಾ ಅಂದರೆ ಅಪ್ಪನ ಅಕ್ಕ, ಗಂಗವ್ವ. ಕುಡಚಿಯ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಅಂತ ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಅತ್ಯಾ ಜಗಳ ತೆಗೆಯಲಿಲ್ಲ. ತವರಿನಿಂದ ಒಯ್ದಿದ್ದ ಕಬ್ಬಿಣದ ರೊಟ್ಟಿಹಂಚನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ತಮ್ಮನ ಮನೆಗೆ ಬಂದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಜನ ನಮ್ಮವರು. ಬಂದವಳು ಹೊಸ್ತಿಲ ಹೊರಗೇ ನಿಂತಿದ್ದಳಂತೆ. ಅವ್ವ ಆಗ ನನ್ನನ್ನು ಹೊಟ್ಟೆಯಲ್ಲಿ ಹೊತ್ತಿದ್ದಳು. ಬಾಗಿಲಿಗೆ ಬಂದು, ಅತ್ಯಾಳ ಕಂಕುಳಲ್ಲಿದ್ದ ಹಂಚನ್ನು ನೋಡಿ, ಬೇರೆ ಯಾವ ಮಾತೂ ಎತ್ತಲಿಲ್ಲವಂತೆ.

"ಛಲೋ ಆತ ಬಿಡ್ರಿ ಅಕ್ಕಾರ. ನಂದ ಹಂಚ ಒಡದೈತಿ. ಒಳಗ ಬಂದ ಒಲಿ ಮ್ಯಾಲ ಇಡ್ರಿ."

ಅಂದಿನಿಂದ ಒಲೆಯ ಮುಂದಿನ ಮಣೆ ಅತ್ಯಾಳದಾಯಿತು. ಅವಳು ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ಪಕ್ಕದ ಮನೆಯ ಮರಾಠಿ ಮಾವಶಿ ಗೋಡೆಯಾಚೆಯಿಂದಲೇ "ಕಾಯ್ ಗಂಗೂಬಾಯಿ, ಝಾಲ್ಯಾ ಕಾ ಭಾಕ್ರ್ಯಾ?" ಅಂತ, ರೊಟ್ಟಿ ಆದವೇನು ಅಂತ ಕೂಗಿದರೆ, ಅತ್ಯಾ ಬಡಿಯುವುದನ್ನು ನಿಲ್ಲಿಸದೆ "ಆತ ನೋಡ್ರಿ ಮಾವಶಿ, ಬರ್ರಿ ಉಣ್ಣಾಕ" ಅನ್ನುತ್ತಿದ್ದಳು. ನಮ್ಮ ರಾತ್ರಿಯ ಊಟ ಅಂಥ ದೊಡ್ಡದೇನೂ ಆಗಿರಲಿಲ್ಲ. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ, ಗುದ್ದಿದ ಉಳ್ಳಾಗಡ್ಡಿ. ಸಂತೆಯ ದಿನ ಬದನೆಕಾಯಿ, ಮರುದಿನ ಮೆಂತ್ಯದ ಸೊಪ್ಪು. ಕೊನೆಗೆ ನುಚ್ಚು, ಮಜ್ಜಿಗೆ. ಅತ್ಯಾ ಬಿಸಿ ರೊಟ್ಟಿಯ ಮೇಲಿನ ತೆಳ್ಳನೆಯ ಪದರನ್ನು ಬಿಡಿಸಿ, ಎಣ್ಣೆ ಖಾರ ಸವರಿ, ಸುರುಳಿ ಮಾಡಿ ನನ್ನ ಬಾಯಿಗಿಡುತ್ತಿದ್ದಳು. ಅಷ್ಟು ದೊಡ್ಡವಳಾದರೂ ನಾನು ಅವಳ ಕೈಯಿಂದಲೇ ಉಣ್ಣುತ್ತಿದ್ದೆ. ಹಡೆದವಳು ಒಬ್ಬಳು, ಉಣಿಸಿದವಳು ಒಬ್ಬಳು.

ಊಟಕ್ಕೆ ಮೊದಲು ಒಂದು ಶಾಸ್ತ್ರ ನಡೆಯುತ್ತಿತ್ತು. ಅವ್ವ ಬಾಗಿಲ ಹೊರಗಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು, "ಅಕ್ಕಾರ, ನೀರ ಹಾಕ್ರಿ" ಅನ್ನುತ್ತಿದ್ದಳು. ತಂಬಿಗೆಯನ್ನು ಅವಳು ಮುಟ್ಟುವಂತಿಲ್ಲವಲ್ಲ. ಅತ್ಯಾ ರೊಟ್ಟಿಯ ಹಿಟ್ಟನ್ನು ಅಷ್ಟಕ್ಕೇ ಬಿಟ್ಟು ಎದ್ದು ಬಂದು ನೀರು ಹಾಕುತ್ತಿದ್ದಳು. ಅವ್ವ ಮೊದಲು ಬೂದಿ, ಆಮೇಲೆ ಹುಣಸೆಹಣ್ಣು ಹಚ್ಚಿ ಕೈ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ಮೂಸಿ ನೋಡುತ್ತಿದ್ದಳು.

"ಹೋತೇನ ಶಾಂತಾ?"

"ಎಲ್ಲೀದ್ರಿ ಅಕ್ಕಾರ. ಸತ್ತ ಮ್ಯಾಲೆ ಹೋಗತೈತಿ ಇದು."

ಇಬ್ಬರೂ ನಗುತ್ತಿದ್ದರು. ಅತ್ಯಾಳಿಗೆ ಇನ್ನೊಂದು ನಗೆಯ ಕತೆಯೂ ಇತ್ತು, ಬಂದವರ ಮುಂದೆಲ್ಲ ಹೇಳುವಳು. ನನಗೆ ಹಾಲು ಬಿಡಿಸುವ ಹೊತ್ತಿಗೆ ಅವ್ವ ಒಂದು ಸಂಜೆ ಆಸೆಯಿಂದ ನನಗೆ ನುಚ್ಚು ತಿನ್ನಿಸಲು ಕೂತಳಂತೆ. ನಾನು ಬೇವಿನಕಾಯಿ ಕಚ್ಚಿದ ಮಂಗನ ಹಾಗೆ ಮೋರೆ ಕಿವುಚಿ, ಅವಳ ಮುಖಕ್ಕೇ ಉಗುಳಿ, ತೆವಳುತ್ತ ಅತ್ಯಾಳ ಕಡೆ ಹೋದೆನಂತೆ. ಆ ಮರುದಿನವೇ ಅವ್ವ ಸಂತೆಯಿಂದ ಚಮಚ ತಂದದ್ದು. ಈ ಕತೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವ್ವ. ನಗುತ್ತ ನಗುತ್ತಲೇ ಎದ್ದು, ಏನೋ ಕೆಲಸ ನೆನಪಾದವರ ಹಾಗೆ ಹೊರಗೆ ಹೋಗುತ್ತಿದ್ದಳು. ಅತ್ಯಾ ಕೆಟ್ಟವಳಲ್ಲ, ದೇವರಾಣೆಗೂ ಅಲ್ಲ. ಅವಳಿಗೆ ತನ್ನದು ಅಂತ ಹೇಳಿಕೊಳ್ಳಲು ಇದ್ದ ಕತೆ ಅದೊಂದೇ.

ನಾನು ಸಾಲೆಯಲ್ಲಿ ಮೂರನೇ ಇಯತ್ತೆಯಲ್ಲಿದ್ದಾಗ ವಖಾರಿಯ ಸಾಹುಕಾರ ತೀರಿಕೊಂಡ. ಮಕ್ಕಳ ನಡುವೆ ತಕರಾರು ಎದ್ದು ಬಾಗಿಲಿಗೆ ಬೀಗ ಬಿತ್ತು. ಉಳಿದ ಹೆಂಗಸರು ಬೇರೆ ವಖಾರಿಗಳನ್ನು ಹುಡುಕಿಕೊಂಡು ಹೋದರು. ಅವ್ವನಿಗೆ ಆಗಲೇ ಸಣ್ಣ ಕೆಮ್ಮು ಹತ್ತಿತ್ತು. ಅಪ್ಪ ಖಡಾಖಂಡಿತವಾಗಿ ಹೇಳಿದ.

"ಸಾಕ ಆ ಧೂಳಾ. ಗಿರಣಿ ನಡದೈತಿ, ಮನಿ ನಡೀತೈತಿ. ನೀ ಮನ್ಯಾಗ ಇರ."

ಅವ್ವ ಮನೆಯಲ್ಲಿ ಉಳಿದಳು. ಅವಳು ಹಗಲು ಹೊತ್ತಿನಲ್ಲಿ ಮನೆಯಲ್ಲಿರುವುದನ್ನು ನಾನು ನೋಡಿದ್ದೇ ಕಡಿಮೆ. ಸಾಲೆಯಿಂದ ಬಂದರೆ ಬಾಗಿಲಲ್ಲಿ ಕೂತಿರುತ್ತಿದ್ದಳು, ನನಗೆ ಒಂಥರ ನಾಚಿಕೆ ಆಗುತ್ತಿತ್ತು. ಆದರೂ ಸಂಜೆಯ ಶಾಸ್ತ್ರ ಬಿಡಲಿಲ್ಲ. ಕೆಲಸವಿಲ್ಲದ ಕೈಯನ್ನು ಅದೇ ಕಲ್ಲಿನ ಹತ್ತಿರ ನಿಂತು ಬೂದಿ ಹಚ್ಚಿ ತಿಕ್ಕುವಳು, ಮೂಸುವಳು, ಒಳಗೆ ಬಂದು ಚಮಚ ತೆಗೆದುಕೊಳ್ಳುವಳು. ಉಗುರಿನ ಬಣ್ಣ ಬುಡದಿಂದ ತಿಳಿಯಾಗುತ್ತ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಅಂಗೈ ಗೆರೆಗಳೂ ಬೆಳ್ಳಗಾದವು. ಒಂದು ಸಂಜೆ ಅವ್ವ ತನ್ನ ಬೆರಳನ್ನು ತಾನೇ ನಾಲಿಗೆಗೆ ತಾಗಿಸಿ ನೋಡಿದಳು. ನಂಬಿಕೆ ಬರಲಿಲ್ಲವೇನೋ.

"ನನ್ನ ನಾಲಿಗಿ ಸತ್ತೈತ್ರಿ ಅಕ್ಕಾರ, ನನಗ ತಿಳಿಯೂದಿಲ್ಲ. ನೀವ ನೋಡ್ರಿ" ಅಂತ ಬೆರಳು ಮುಂದೆ ಮಾಡಿದಳು.

ಅತ್ಯಾ ತಂಬಿಗೆಯನ್ನು ಕಲ್ಲಿನ ಮೇಲಿಟ್ಟಳು. ಅವ್ವನ ಬೆರಳನ್ನು ಹಿಡಿದು ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡಳು. ನಾನು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಅತ್ಯಾ ಇನ್ನೂ ಐತಿ ಅಂದಿದ್ದರೆ ಅವ್ವ ನಂಬುತ್ತಿದ್ದಳು, ಆ ವರ್ಷ ಹಾಗೇ ಕಳೆದು ಹೋಗುತ್ತಿತ್ತು. ಅಷ್ಟು ತಿಳಿಯದಷ್ಟು ದಡ್ಡಿ ಅಲ್ಲ ನಮ್ಮತ್ಯಾ.

"ಹೋಗೇತಿ ಶಾಂತಾ. ಸ್ವಚ್ಛ ಆಗ್ಯಾವ ನಿನ್ನ ಕೈ" ಅಂದಳು.

ಮರುದಿನ ಅಮಾವಾಸ್ಯೆ, ಅಪ್ಪನ ಗಿರಣಿಗೆ ಸೂಟಿ. ಅವ್ವ ತಲೆ ಮೇಲೆ ಮಿಂದು ಬಂದು, "ಇವತ್ತ ನಾ ಬಡೀಲೇನ್ರಿ ರೊಟ್ಟಿ?" ಅಂತ ಕೇಳಿದಳು. ಅತ್ಯಾ ಮಣೆಯಿಂದ ಎದ್ದಳು. ಅಯ್ಯೋ, ಅವ್ವನ ರೊಟ್ಟಿ! ಅಷ್ಟು ವರ್ಷ ಹಿಟ್ಟು ಮುಟ್ಟಿರದ ಕೈ. ಬಡಿದರೆ ಅಂಚು ಸೀಳುತ್ತಿತ್ತು, ಎತ್ತಿದರೆ ನಡುವೆ ಹರಿಯುತ್ತಿತ್ತು, ಹಂಚಿಗೆ ಬಿದ್ದದ್ದು ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ. ಅತ್ಯಾ ಬಾಗಿಲ ಚೌಕಟ್ಟಿಗೆ ಒರಗಿ ಕೂತು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ನೀರು ಸಾಲದು ಅಂತ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿಕೊಂಡದ್ದನ್ನು ನಾನು ಕಂಡೆ. ಅವ್ವ ಆ ಹರಕು ರೊಟ್ಟಿ ಮುರಿದು, ಝುಣಕದಲ್ಲಿ ಒತ್ತಿ, ತುತ್ತು ಮಾಡಿ ನನ್ನ ಮುಂದೆ ಹಿಡಿದಳು. ಅಪ್ಪ ಉಣ್ಣುವುದನ್ನು ನಿಲ್ಲಿಸಿ ಬೇರೆ ಕಡೆ ನೋಡಿದ.

ನಾನು ಬಾಯಿ ತೆರೆದೆ. ಉಪ್ಪು ಜಾಸ್ತಿಯಾಗಿತ್ತು, ರೊಟ್ಟಿ ಕರಕಲಾಗಿತ್ತು. ಕಹಿ ಇರಲಿಲ್ಲ.

"ಇನ್ನೊಂದ ಕೊಡವ್ವಾ" ಅಂದೆ.

ಅವ್ವ ಅತ್ತಳು. ಅವ್ವ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಳುತ್ತಲೇ ತುತ್ತಿನ ಮೇಲೆ ತುತ್ತು ಕೊಟ್ಟಳು, ನನ್ನ ಹೊಟ್ಟೆ ಬಿರಿಯುವ ತನಕ ಕೊಟ್ಟಳು. ಆ ಊಟವನ್ನು ನಾನು ಇವತ್ತಿನವರೆಗೂ ಮರೆತಿಲ್ಲ. ಕೈ ತೊಳೆಯಲು ಎದ್ದಾಗ ನೋಡಿದರೆ, ಅತ್ಯಾ ತನ್ನ ತಾಟಿಗೆ ಏನೂ ಹಾಕಿಕೊಂಡಿರಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಯಾರೂ ಯಾರಿಗೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಅವ್ವ ನಸುಕಿನಲ್ಲೇ ಎದ್ದು ಒಲೆ ಹೊತ್ತಿಸುವಳು. ಅತ್ಯಾ ಎದ್ದು ಬಂದು, ಉರಿಯುವ ಒಲೆಯನ್ನು ನೋಡಿ, ಮತ್ತೆ ಹೋಗಿ ಕೂಡುವಳು. ಆರಿಸಿದ ಬೇಳೆಯನ್ನೇ ಮತ್ತೆ ಆರಿಸುವಳು. ಗುಡಿಸಿದ ಅಂಗಳವನ್ನೇ ಗುಡಿಸುವಳು. ಅವ್ವನ ರೊಟ್ಟಿಗಳು ದಿನದಿಂದ ದಿನಕ್ಕೆ ದುಂಡಗಾದವು. ಮಾವಶಿ ಗೋಡೆಯಾಚೆಯಿಂದ ಕೂಗಿದರೆ ಯಾರು ಉತ್ತರ ಕೊಡಬೇಕು ಅಂತ ತಿಳಿಯದೆ ಇಬ್ಬರೂ ಸುಮ್ಮನಾಗುತ್ತಿದ್ದರು. ಅತ್ಯಾ ಒಂದು ರೊಟ್ಟಿಯ ಮೇಲೆ ಇನ್ನೊಂದು ಮುಟ್ಟುತ್ತಿರಲಿಲ್ಲ. ಅಪ್ಪ ಬೈದ.

"ಯಾಕ ಅಕ್ಕಾ, ಅರಾಮ ಇಲ್ಲೇನ? ಉಣವಲ್ಲಿ."

"ಕುಂತ ಉಣ್ಣಾಕ ನಾಚಿಗಿ ಬರತೈತಿ ತಮ್ಮಾ. ಕೂಳ ಗಂಟಲಾಗ ಇಳಿಯೂದಿಲ್ಲ."

ದೀಪಾವಳಿ ಆದ ಮೇಲೆ ಅತ್ಯಾ ಒಂದು ಮಾತು ತೆಗೆದಳು. ಮಂಗಸೂಳಿಯಲ್ಲಿ ಮಲ್ಲಯ್ಯನ ಗುಡಿಯ ಹತ್ತಿರ ಖಾನಾವಳಿ ಇಟ್ಟವರಿದ್ದಾರೆ, ಬರುವ ಭಕ್ತರಿಗೆ ರೊಟ್ಟಿ ಬಡಿಯಲು ಹೆಂಗಸು ಬೇಕಂತೆ, ಅಲ್ಲೇ ಇರಲು ಕೋಣೆ ಕೊಡುತ್ತಾರಂತೆ, ದೇವರ ಸೇವೆಯೂ ಆಗುತ್ತದೆ ಅಂತ. ನಗುನಗುತ್ತ ಹೇಳಿದಳು. ಅಪ್ಪ ಕೂಗಾಡಿದ. ನಾನು ಅವಳ ಸೆರಗು ಹಿಡಿದು ಬಿಡಲಿಲ್ಲ. ಅವ್ವನ ಕಣ್ಣು ಮಾತ್ರ ಮೂಲೆಯಲ್ಲಿತ್ತು. ಅಲ್ಲಿ ಅತ್ಯಾಳ ರೊಟ್ಟಿಹಂಚು ಉಜ್ಜಿ ತೊಳೆದು, ಹಳೆಯ ಸೀರೆಯಲ್ಲಿ ಸುತ್ತಿ ಇಟ್ಟಿತ್ತು.

ಅದಕ್ಕೆ ಸ್ವಲ್ಪ ದಿನ ಮೊದಲೇ ವಖಾರಿಯ ಬೀಗ ತೆಗೆದಿದ್ದರು. ಕೆಲಸದವರನ್ನು ಕರೆಯುವ ಮುಕಾದಮ ಮನೆಗೆ ಬಂದು ಕೇಳಿದಾಗ ಅಪ್ಪನೇ, ಇನ್ನು ಇವಳು ಬರುವುದಿಲ್ಲ ಅಂತ ಹೇಳಿ ಕಳಿಸಿದ್ದ. ಅತ್ಯಾ ಮಂಗಸೂಳಿಯ ಮಾತು ತೆಗೆದ ಮರುದಿನ ನಾನು ಸಾಲೆಯಿಂದ ಬಂದಾಗ ಅವ್ವ ಬಾಗಿಲಲ್ಲಿ ಇರಲಿಲ್ಲ. ಅತ್ಯಾ ನಳಕ್ಕೆ, ಅಂಗಡಿಗೆ, ಗುಡಿಗೆ ಹೋಗಿ ಹುಡುಕಿ ಬಂದಳು. ಒಲೆ ಆರಿತ್ತು. ದೀಪ ಹಚ್ಚುವ ಹೊತ್ತಿಗೆ ಹೊರಗೆ ಕಲ್ಲಿನ ಹತ್ತಿರ ಕೆಮ್ಮು ಕೇಳಿಸಿತು.

"ಅಕ್ಕಾರ, ನೀರ ಹಾಕ್ರಿ."

ಅತ್ಯಾ ಬಾಗಿಲಿಗೆ ಓಡಿದಳು. ಅವ್ವ ತಲೆಗೆ ಬಟ್ಟೆ ಕಟ್ಟಿಕೊಂಡು, ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು. ಮೊಣಕೈ ತನಕ ಕಂದು ಧೂಳು.

"ಎಲ್ಲಿ ಹೋಗಿದ್ದಿ ಬೇ? ಯಾರ ಕಳಿಸ್ಯಾರ ನಿನ್ನ? ನಿನಗೇನ ಹುಚ್ಚ ಹಿಡದೈತೇನ?"

"ನೀರ ಹಾಕ್ರಿ ಮೊದಲ. ಹಸಿವಾಗೈತಿ. ರೊಟ್ಟಿ ಆಗಿಲ್ಲೇನ ಇನ್ನಾ?"

ಅತ್ಯಾ ನೀರು ಹಾಕಿದಳು. ಬೈಯುತ್ತ ಹಾಕಿದಳು, ಅಳುತ್ತ ಹಾಕಿದಳು, ಅರ್ಧ ನೀರು ನೆಲಕ್ಕೇ ಹೋಯಿತು. ಆಮೇಲೆ ಒಳಗೆ ಹೋಗಿ, ಸೀರೆ ಬಿಚ್ಚಿ, ಹಂಚನ್ನು ಒಲೆಯ ಮೇಲಿಟ್ಟಳು. ಅಪ್ಪ ಬಂದವನು ಅವ್ವನ ಕೈ ನೋಡಿ ಸಿಟ್ಟಿಗೆದ್ದ. ಒಳಗಿನಿಂದ ರೊಟ್ಟಿಯ ಸಪ್ಪಳ ಬರುತ್ತಿತ್ತು. ಅವ್ವ ದನಿ ತಗ್ಗಿಸಿ ಹೇಳಿದಳು.

"ಒಂದ ಒಲಿ ಮುಂದ ಇಬ್ಬರು ಕುಂತ್ರ ಒಬ್ಬರು ಏಳಬೇಕಾಗತೈತ್ರಿ. ನಾ ಎದ್ರ ನನಗ ಹೋಗಾಕ ಜಾಗಾ ಐತಿ. ಅಕ್ಕಾರ ಎದ್ರ ಎಲ್ಲಿ ಹೋಗಬೇಕ?"

ದೊಡ್ಡವಳಾದ ಮೇಲೆ ನನಗೆ ಈ ಮಾತಿನ ಮೇಲೆ ಸಿಟ್ಟು ಬಂದದ್ದುಂಟು. ಹೊರಗೆ ಹೋಗಲೇಬೇಕಿದ್ದರೆ ಅಕ್ಕೋಳದ ಕಡೆ ಕಬ್ಬಿನ ಹೊಲಗಳಿರಲಿಲ್ಲವೇ? ಕಳೆ ತೆಗೆದರೆ ಕೈ ಕಹಿಯಾಗುತ್ತಿತ್ತೇ, ಎದೆಗೆ ಧೂಳು ಹೋಗುತ್ತಿತ್ತೇ? ಮದುವೆಯಾಗಿ ಚಿಕ್ಕೋಡಿಗೆ ಬಂದು, ನನ್ನದೇ ಒಲೆಯ ಮುಂದೆ ಕೂತ ಮೇಲೆ ಉತ್ತರ ಹೊಳೆಯಿತು. ಸ್ವಚ್ಛ ಕೈಯಿಂದ ಮನೆಗೆ ಬಂದರೆ ಸಂಜೆ ಮತ್ತೆ ಅದೇ ಮಣೆ, ಅದೇ ಪೇಚು. ಮಗಳು ಎದುರಿಗೆ ಕೂತಿರುವಾಗ ಅವ್ವನಿಗೆ ತನ್ನ ಕೈ ತಡೆಯಲು ಆಗುತ್ತಿರಲಿಲ್ಲ. ತಂಬಾಕು ಒಂದೇ ಅದನ್ನು ತಡೆಯುವಂಥದ್ದು. ಯಾರೂ ಯಾರಿಗೂ ಬಿಟ್ಟುಕೊಡಬೇಕಾಗಿಲ್ಲ, ಉಪಕಾರ ಹೊರಬೇಕಾಗಿಲ್ಲ, ಕೈ ಕಹಿ, ಮುಗಿಯಿತು. ಇದೆಲ್ಲ ತಿಳಿದ ಮೇಲೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ನನಗೆ ಬರಬೇಕಾದ ತುತ್ತುಗಳನ್ನು ಅವಳು ನನ್ನನ್ನು ಕೇಳದೆ ಕೊಟ್ಟುಬಿಟ್ಟಳು. ಇವತ್ತಿಗೂ ನಾನು ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ಇಣುಕುತ್ತೇನೆ. ಯಾರು ಕೂತಿದ್ದಾರೆ, ಯಾರು ಎದ್ದು ನಿಂತಿದ್ದಾರೆ ಅಂತ ನೋಡುತ್ತೇನೆ. ಸೊಸೆ ಇದಕ್ಕೆ ನನ್ನನ್ನು ಚಾಷ್ಟಿ ಮಾಡಿ ನಗುತ್ತಾಳೆ, ನಗಲಿ.

ಆ ಸಂಜೆ ಅತ್ಯಾ ರೊಟ್ಟಿ ಮುರಿದು, ಮಜ್ಜಿಗೆ ಸುರಿದು, ತಾಟನ್ನು ಅವ್ವನ ಮುಂದಿಟ್ಟಳು. ಅವ್ವ ಗೂಡಿನಿಂದ ಚಮಚ ತೆಗೆದುಕೊಂಡಳು. ಅದು ಆಮೇಲೆ ಅವಳ ಕೈ ಬಿಡಲಿಲ್ಲ. ಅತ್ಯಾ ಬೇವಿನಕಾಯಿ ಕಚ್ಚಿದ ಮಂಗನ ಕತೆಯನ್ನು ಮತ್ತೆ ಯಾರ ಮುಂದೆಯೂ ಹೇಳಲಿಲ್ಲ.

ಕೆಮ್ಮು ಅವ್ವನನ್ನು ಅವಸರ ಮಾಡದೆ ತಿಂದಿತು. ನನ್ನ ಮದುವೆ ನೋಡಿದಳು, ಮೊಮ್ಮಗನನ್ನು ಎತ್ತಿಕೊಂಡಳು. ಆದರೆ ಅವನ ಬಾಯಿಗೂ ಚಮಚವೇ ಇಟ್ಟಳು. ಕೊನೆಯ ವರ್ಷ ಹಾಸಿಗೆ ಹಿಡಿದಾಗ ಅತ್ಯಾ ನುಚ್ಚು ಕಿವುಚಿ ಅವಳಿಗೆ ಕೈಯಿಂದ ತಿನ್ನಿಸುತ್ತಿದ್ದಳು. ಉಣಿಸಿಕೊಳ್ಳುವಾಗ ಅವ್ವ ಕಣ್ಣು ಮುಚ್ಚುತ್ತಿದ್ದಳು. ತೀರಿಹೋದ ದಿನ ಮೈ ತೊಳೆಯಲು ಕೂಡಿಸಿದಾಗ ಅತ್ಯಾ ಮನೆಯೊಳಗೆ ಹೋಗಿ ಹುಣಸೆಹಣ್ಣು, ಬೂದಿ ತಂದಳು. ನನ್ನ ಕೈಗೆ ತಂಬಿಗೆ ಕೊಟ್ಟು "ನೀರ ಹಾಕ ಸುಮಿ" ಅಂದಳು. ಅವ್ವನ ಒಂದೊಂದು ಬೆರಳನ್ನೂ ಹಿಡಿದು, ಉಗುರಿನ ಸಂದಿಗೆಲ್ಲ ತಿಕ್ಕಿದಳು. ಹೊತ್ತು ಏರುತ್ತಿತ್ತು. ಹೊರಗಿನಿಂದ ಯಾರೋ "ಸಾಕ ಮಾಡ್ರಿ ಗಂಗವ್ವಾ, ಮಂದಿ ಕಾಯಾಕತ್ತೈತಿ" ಅಂದರು. ಅತ್ಯಾ ತಿರುಗಿಯೂ ನೋಡಲಿಲ್ಲ. ತಿಕ್ಕಿ, ತೊಳೆದು, ಅಂಗೈಗೆ ಮೂಗು ಹಚ್ಚಿ ಮೂಸಿದ ಮೇಲೆಯೇ ಎದ್ದಳು.

ಆ ವರ್ಷ ಹಿರಿಯರ ಹಬ್ಬಕ್ಕೆ ನಾನು ನಿಪ್ಪಾಣಿಗೆ ಹೋದೆ. ಅತ್ಯಾ ಬೆನ್ನು ಬಾಗಿದ ಮೇಲೂ ತಾನೇ ರೊಟ್ಟಿ ಬಡಿದಳು, ಝುಣಕ ಮಾಡಿದಳು, ಹೋಳಿಗೆ ಮಾಡಿದಳು. ಅವ್ವನ ಹೊಸ ಸೀರೆಯನ್ನು ಮಡಚಿ ಇಟ್ಟು ಮುಂದೆ ಎಡೆ ಹಿಡಿದೆವು. ನಾನು ಗೂಡಿನಿಂದ ಆ ಚಮಚ ತೆಗೆದು, ಉಜ್ಜಿ ತೊಳೆದು, ಎಡೆಯ ಪಕ್ಕದಲ್ಲಿಟ್ಟೆ. ಅಪ್ಪ ಅದನ್ನು ನೋಡಿ ಮುಖ ಮುಚ್ಚಿಕೊಂಡ. ಅತ್ಯಾ ಮಣೆಯಿಂದ ಎದ್ದು ಬಂದಳು.

"ಇದನ್ನ ಯಾಕ ಇಟ್ಟಿ ಬೇ?"

"ಅವ್ವಂದ ಅಲ್ಲೇನ ಅತ್ಯಾ? ಅಕಿ ಇದರಲೇ ಉಣ್ತಿದ್ಲಲ್ಲ."

ಅತ್ಯಾ ಚಮಚವನ್ನು ಎತ್ತಿ ನನ್ನ ಕೈಯಲ್ಲಿಟ್ಟಳು.

"ಒಳಗ ಇಡ ಇದನ್ನ. ಅಕಿ ಕೈ ನಾನ ತೊಳದು ಕಳಿಸೇನಿ. ಇನ್ನರೆ ಕೈಲೆ ಉಣ್ಣಲಿ ನಮ್ಮ ಶಾಂತಾ."